ಕೂಗು ಕಿಟಕಿ

ನಲವತ್ತು ವರ್ಷ ದಸ್ತಾವೇಜು ಬರೆದು ಬದುಕಿದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಯಾವುದೇ ಇರಲಿ, ಮೊದಲ ಸಾಲಿನಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸ ಬರೆಯದೆ ಮುಂದಕ್ಕೆ ಹೋದವನಲ್ಲ. ಈ ಬರಹದಲ್ಲಿ ಮಾತ್ರ, ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರ ಹೆಸರು ಬರೆಯುವುದಿಲ್ಲ. ಅವರ ಕಸುಬು ಬರೆಯುತ್ತೇನೆ: ಹಳೆಯ ಮನೆಗಳ ಕಿಟಕಿಗೆ ಒಳಗಡೆಯಿಂದ ಇನ್ನೊಂದು ಗಾಜಿನ ಕಿಟಕಿ ಕೂರಿಸಿ ಬೀದಿಯ ಸದ್ದು ತಡೆಯುವುದು. ವಾಸ ಭದ್ರಾವತಿ. ಹೆಸರು ಬರೆಯದಿರುವುದಕ್ಕೆ ಕಾರಣವಿದೆ. ಆ ಹೆಸರಿನ ಜೊತೆಗೆ ನಮ್ಮ ಶಿವಮೊಗ್ಗದಲ್ಲಿ ಒಂದು ಮಾತು ಅಂಟಿಕೊಂಡಿದೆ. ‘ದುರ್ಗಿಗುಡಿಯಲ್ಲಿ ಒಂದು ಮನೆಗೆ ಗಾಜು ಬಿಗಿದು ಹೆಂಗಸಿನ ಜೀವ ತೆಗೆದನಲ್ಲ, ಅವನಾ?’ ಅಂತ. ಆ ಮನೆ ನಮ್ಮದು. ಆ ಹೆಂಗಸು ನನ್ನ ಅಕ್ಕ. ಆ ಮಾತು ಸುಳ್ಳು. ಸುಳ್ಳೆಂದು ಬಾಯಿಬಿಟ್ಟು ಹೇಳಬೇಕಾಗಿದ್ದವನು ನಾನು, ಐದು ವರ್ಷ ಹೇಳಲಿಲ್ಲ.

ಕಳೆದ ತಿಂಗಳು ಬಚ್ಚಲುಮನೆಯ ಕನ್ನಡಿ ಒಡೆಯಿತೆಂದು ಗಾಂಧಿ ಬಜಾರಿನ ಗಾಜಿನಂಗಡಿಗೆ ಹೋಗಿದ್ದೆ. ಅಂಗಡಿಯವರು ಗಾಜಿನ ಮೇಲೆ ಗೀರು ಎಳೆಯುತ್ತಲೇ ಹೇಳಿದರು, “ನಿಮ್ಮ ಮನೆ ಕೆಲ್ಸ ಮಾಡಿದ್ರಲ್ಲ ಭದ್ರಾವತಿಯವ್ರು, ಹೋಗ್ಬಿಟ್ರು ಸಾರ್. ಎಂಟು ದಿನ ಆಯ್ತು.” ಆಮೇಲೆ ಗೀರಿನ ಉದ್ದಕ್ಕೂ ಗಾಜನ್ನು ಪಟ್ಟನೆ ಮುರಿದರು. ನನಗೆ ಕನ್ನಡಿ ಬೇಡವಾಯಿತು. ಆದರೂ ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದೆ. ಅದು ಇನ್ನೂ ಗೋಡೆಗೆ ಒರಗಿಕೊಂಡೇ ಇದೆ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಒಂದು ಬೆಳಿಗ್ಗೆ ಒಂಬತ್ತಕ್ಕೆ, ಕೈಯಲ್ಲಿ ಒಂದು ಬಟ್ಟೆ ಚೀಲ, ಅದರಲ್ಲಿ ಅಳತೆ ಟೇಪು ಮತ್ತು ಒಂದು ಪೊಟ್ಟಣ ಊದುಬತ್ತಿ. ತೆಳ್ಳಗಿನ ಮನುಷ್ಯ, ಅರವತ್ತರ ಆಚೀಚೆ. ಬಂದವರೇ ಕಿಟಕಿ ನೋಡಲಿಲ್ಲ. “ಒಂದು ಕುರ್ಚಿ ಕೊಡಿ ಸಾಮಿ, ಒಂದು ಗಂಟೆ ಯಾರೂ ಮಾತಾಡಿಸ್ಬೇಡಿ” ಅಂದರು. ನಾನು ಬರೆಯುವ ಮುಂದಿನ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಬಲಗಿವಿಯನ್ನು ಬೀದಿಯ ಕಡೆಗೆ ತಿರುಗಿಸಿ ಕೂತರು. ಎಡಗಿವಿ ಅವರಿಗೆ ಚಿಕ್ಕಂದಿನಿಂದಲೂ ಕೇಳುತ್ತಿರಲಿಲ್ಲ. ಏನೋ ಸೋಂಕಾಗಿ ಸೋರಿ ಹೋಗಿತ್ತಂತೆ.

ಅಕ್ಕ ಅಡುಗೆಮನೆಯ ಬಾಗಿಲಿಂದ ಇಣುಕಿ ನೋಡಿ ನನ್ನ ಕಿವಿಯಲ್ಲಿ, “ಎಂಥಾ ಮಾರಾಯ, ಸದ್ದು ನಿಲ್ಸೋಕೆ ಅರ್ಧ ಕಿವುಡ್ರನ್ನ ಕರ್ಕೊಂಡು ಬಂದಿದ್ಯಾ?” ಅಂದಳು. ಪಿಸುಗುಟ್ಟುವುದು ಅವಳಿಗೆ ಯಾವತ್ತೂ ಬಾರದ ವಿದ್ಯೆ. ಆತ ಕಣ್ಣು ತೆರೆಯದೆಯೇ ನಕ್ಕರು. “ಅರ್ಧ ಕಿವಿ ಇದ್ರೆ ಸಾಕಮ್ಮ, ಎರಡಿದ್ರೆ ಗೊಂದಲ.”

ಗಂಟೆ ಕಳೆದ ಮೇಲೆ ಎದ್ದು ಒಂದೊಂದೇ ಹೇಳತೊಡಗಿದರು. ಬಸ್ಸಿನ ಹಾರನ್ನು ಕಿಟಕಿಯ ಪಡಿಗಳ ನಡುವಿನ ಸಂದಿನಿಂದ ಬರುತ್ತದೆ. ಎದುರಿನ ಅಂಗಡಿಯ ಷಟರು ಎಳೆಯುವ ಸದ್ದು ಮೇಲಿನ ಅರ್ಧಚಂದ್ರದ ಬಣ್ಣದ ಗಾಜಿನಿಂದ. ಲಾರಿ ಹೋದರೆ ಸದ್ದು ಬರುವುದು ನೆಲದಿಂದ, ಅದಕ್ಕೆ ತಾನು ಏನೂ ಮಾಡಲಾರೆ. ಆಮೇಲೆ ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನವಾಗಿ ಆಡಿಸಿದರು. ಹೊಗೆ ನೆಟ್ಟಗೆ ಏರುತ್ತಾ ಇದ್ದದ್ದು ಎಲ್ಲಿ ಅಲುಗಿತೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗುರುತು. “ಗಾಳಿ ನುಗ್ಗೋ ಕಡೆ ಸದ್ದೂ ನುಗ್ಗುತ್ತೆ. ಸದ್ದು ಕಳ್ಳ ಅಲ್ಲ ಸಾಮಿ, ನೆಂಟ. ದಾರಿ ಬಿಟ್ಟಿದ್ರೆ ಬರ್ತಾನೆ” ಅಂದರು. ಕಿಟಕಿಯ ಉದ್ದಗಲ ಅಳೆಯುವಾಗ ಮಾತ್ರ ಕನ್ನಡ ಬಿಟ್ಟು ತಮಿಳಿನಲ್ಲಿ ಎಣಿಸಿಕೊಳ್ಳುತ್ತಿದ್ದರು. ಅಮ್ಮ ಕಲಿಸಿದ ಲೆಕ್ಕ, ಬೇರೆ ಭಾಷೆಯಲ್ಲಿ ಎಣಿಸಿದರೆ ಒಂದು ಸೂತು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಹೆಚ್ಚುಕಡಿಮೆ ಆಗುತ್ತದೆ ಅನ್ನುತ್ತಿದ್ದರು.

ನಮ್ಮದು ಅಜ್ಜ ಕಟ್ಟಿಸಿದ ಮನೆ. ತೇಗದ ಚೌಕಟ್ಟು, ಕಬ್ಬಿಣದ ಸರಳು, ಎರಡು ಪಡಿ, ಮೇಲೆ ಹಸಿರು ಕೆಂಪು ಗಾಜು. ಕಟ್ಟುವಾಗ ಬೀದಿಯಲ್ಲಿ ಗಾಡಿ ಎತ್ತು ಓಡಾಡುತ್ತಿದ್ದವು, ಆ ಕಿಟಕಿಗಳಿಗೆ ಅಷ್ಟೇ ಗೊತ್ತು. ಈಗ ಬೆಳಗಾದರೆ ಶಾಲೆಯ ವ್ಯಾನು, ಖಾಸಗಿ ಬಸ್ಸು, ಯಾವುದೋ ಸೇಲಿನ ಪ್ರಚಾರದ ಆಟೋ. ಒಮ್ಮೆ ಆ ಆಟೋದ ಮೈಕಿನ ಅಬ್ಬರದಲ್ಲಿ ಒಂದು ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಬರೆಯಬೇಕಾದ ರಸ್ತೆಯನ್ನು ಪಶ್ಚಿಮಕ್ಕೆ ಬರೆದುಬಿಟ್ಟೆ. ಕಟ್ಟುನಿಟ್ಟಿನ ಬರಹಗಾರನೆಂದು ಹೆಸರಿದ್ದವನು ನಾನು, ಅವಮಾನದಿಂದ ವಾರ ನಿದ್ದೆ ಬರಲಿಲ್ಲ. ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್ಕಿನ ಹೊಸ ಕಿಟಕಿ ಹಾಕಿಸಿ ಅಂತ ಒಬ್ಬ ಗುತ್ತಿಗೆದಾರ ಹೇಳಿದ. ಅಕ್ಕ, “ಅಜ್ಜನ ಕಿಟಕಿ ಕೀಳೋದಾದ್ರೆ ಜೊತೆಗೆ ನನ್ನನ್ನೂ ಕಿತ್ತು ಹೊರಗೆ ಹಾಕು” ಅಂದಳು. ಹಾಗಾಗಿ ಇವರು ಬಂದದ್ದು. ಇವರು ಹಳೆಯ ಕಿಟಕಿಯ ಒಂದು ಮೊಳೆಯನ್ನೂ ಮುಟ್ಟುತ್ತಿರಲಿಲ್ಲ. ಗೋಡೆಯ ಒಳಗಡೆಯ ಅಂಚಿನಲ್ಲಿ ತೆಳ್ಳಗಿನ ಮರದ ಚೌಕಟ್ಟು, ಅದರಲ್ಲಿ ದಪ್ಪ ಗಾಜು, ಸುತ್ತ ರಬ್ಬರು. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಗೇಣು ಖಾಲಿ ಜಾಗ. “ಸದ್ದು ತಡಿಯೋದು ಗಾಜಲ್ಲ, ಈ ಖಾಲಿ. ನಿಮ್ಮಜ್ಜ ಗೋಡೆ ಇಷ್ಟು ದಪ್ಪ ಕಟ್ಟಿದ್ದು ನಿಮ್ಮ ಪುಣ್ಯ” ಅನ್ನುತ್ತಿದ್ದರು.

ಭದ್ರಾವತಿಯಲ್ಲಿ ಅವರು ಮರದ ಅಚ್ಚು ಮಾಡುವ ಕೆಲಸದಲ್ಲಿದ್ದವರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರದ ಮರದ ಅಚ್ಚು ಬೇಕಲ್ಲ, ಅದು. ಅಲ್ಲಿ ಕೂದಲೆಳೆ ತಪ್ಪಿದರೂ ಮಾಲು ಹಾಳು. ಆ ಕೈಯಿಂದ ಮಾಡಿದ ಚೌಕಟ್ಟು ನಮ್ಮ ಗೋಡೆಗೆ ಕೂತಾಗ ಸಂದಿನಲ್ಲಿ ಅಂಚೆ ಕಾಗದ ತೂರುತ್ತಿರಲಿಲ್ಲ. ಮಳೆಗಾಲದಲ್ಲಿ ಎರಡು ಗಾಜಿನ ನಡುವೆ ಬೆವರಬಾರದೆಂದು ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಹೊಸ ಚಪ್ಪಲಿಯ ಡಬ್ಬಿಯೊಳಗೆ ತೇವ ಹೀರಲು ಒಂದು ಪುಟ್ಟ ಪೊಟ್ಟಣ ಇಟ್ಟಿರುತ್ತಾರಲ್ಲ, ಗಾಂಧಿ ಬಜಾರಿನ ಚಪ್ಪಲಿ ಅಂಗಡಿಗಳನ್ನೆಲ್ಲ ಸುತ್ತಿ ಅವನ್ನು ಕೇಳಿ ತರುತ್ತಿದ್ದರು. ಪ್ರತಿ ಕಿಟಕಿಯ ಮೂಲೆಯಲ್ಲೂ ನಾಲ್ಕು ಪೊಟ್ಟಣ. ಮಳೆಗಾಲದ ನಡುವೆ ಕರೆಯದೆಯೇ ಬಂದು ಬದಲಾಯಿಸಿ ಹೋಗುತ್ತಿದ್ದರಂತೆ.

ಅವರಿಗೆ ಬಂದ ಕೆಲಸವನ್ನು ಬೇಡವೆನ್ನುವ ಚಟವೂ ಇತ್ತು. ರವೀಂದ್ರನಗರದಲ್ಲಿ ಒಬ್ಬ ನಿವೃತ್ತ ಅಧಿಕಾರಿ, ಸದ್ದಿನಿಂದ ತಲೆ ಸಿಡಿಯುತ್ತದೆ ಅಂತ ಕರೆಸಿದ್ದರು. ಇವರು ಯಥಾಪ್ರಕಾರ ಕುರ್ಚಿ ಹಾಕಿಕೊಂಡು ಗಂಟೆ ಕೂತರು. ಎದ್ದು, “ನಿಮ್ಮ ಬೀದಿ ತಣ್ಣಗಿದೆ ಸಾಮಿ. ಗಂಡ ಹೆಂಡ್ತಿ ಒಂದು ಗಂಟೇಲಿ ಹನ್ನೊಂದು ಸಲ ಜಗಳ ಆಡಿದ್ರಿ. ಅದಕ್ಕೆ ನನ್ನ ಹತ್ರ ಗಾಜಿಲ್ಲ” ಅಂತ ಹೇಳಿ ಚೀಲ ಎತ್ತಿಕೊಂಡು ಬಂದರಂತೆ. ಇದನ್ನು ಅವರು ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳು ಅವರಿಗೆ ‘ಗಾಜಪ್ಪ’ ಅಂತ ಹೆಸರಿಟ್ಟಿದ್ದಳು, ಎದುರಿಗೇ ಹಾಗೆ ಕರೆಯುತ್ತಿದ್ದಳು. ಅವರು ಬಂದ ದಿನ ದೋಸೆಗೆ ಒಂದು ಹಿಡಿ ಅಕ್ಕಿ ಹೆಚ್ಚಿಗೆ ನೆನೆಯುತ್ತಿತ್ತು.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅಮ್ಮ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹದಿನೈದು. ನನ್ನನ್ನು ಸಾಕಿದವಳು ಅವಳು. ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ, ಮಗ ದಾವಣಗೆರೆಯಲ್ಲಿ ನೆಲೆ ನಿಂತ ಮೇಲೆ, ಮದುವೆಯಾಗದೆ ಉಳಿದ ನನ್ನ ಮನೆಗೆ ವಾಪಸು ಬಂದಳು. “ನಿನಗೆ ಅನ್ನ ಬೇಯಿಸಿಕೊಳ್ಳೋಕೂ ಬರಲ್ಲ, ನಾನಿಲ್ದಿದ್ರೆ ಕಾಗದ ತಿಂದು ಬದುಕ್ತೀಯ” ಅನ್ನುತ್ತಿದ್ದಳು. ಅಡುಗೆಮನೆಯ ಕಿಟಕಿ ಅವಳ ದರ್ಬಾರು. ಅದು ಹಿತ್ತಲಿಗೆ ತೆರೆಯುತ್ತದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆಮರ, ಅದರಾಚೆ ಓಣಿ. ಓಣಿಯಲ್ಲಿ ಹೋಗುವ ಸೊಪ್ಪಿನವಳು, ಹಾಲಿನವನು, ಪರಿಚಯದವರೆಲ್ಲ ಆ ಕಿಟಕಿಗೆ ಮುಖ ಮಾಡಿ ಕೂಗುತ್ತಿದ್ದರು. ಅವಳೂ ಹಿತ್ತಲಲ್ಲಿ ನಿಂತು ಆ ಕಿಟಕಿಯ ಮೂಲಕವೇ ನನ್ನನ್ನು ಕೂಗುತ್ತಿದ್ದಳು, “ಬಾರೋ, ಬಟ್ಟೆ ಹಿಂಡೋಕೆ ಒಂದು ಕೈ ಕೊಡೋ” ಅಂತ.

ಇನ್ನು ಅವರ ಪದ್ಧತಿ. ಯಾವ ಮನೆಯಲ್ಲಿ ಕೆಲಸ ಮಾಡಿದರೂ ಅವರು ಒಂದು ಕಿಟಕಿಯನ್ನು ಹಾಗೆಯೇ ಬಿಡುತ್ತಿದ್ದರು. ಗಾಜು ಹಾಕುತ್ತಿರಲಿಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಮನೆಯವರನ್ನು ಕೇಳುತ್ತಿದ್ದರು: “ಹೊರಗಿಂದ ಮನೆಯವ್ರು ಯಾರಾದ್ರೂ ಕೂಗಿದ್ರೆ ಯಾವ ಕಿಟಕಿಯಿಂದ ಕೇಳುತ್ತೆ?” ಅದು ಕೂಗು ಕಿಟಕಿ. ಅದನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಅಕ್ಕನೇ ಮುಂದೆ ಬಂದು ಅಡುಗೆಮನೆಯ ಕಿಟಕಿ ತೋರಿಸಿದಳು. ಮುಂದಿನ ಮೂರು, ಪಕ್ಕದ ಎರಡು ಕಿಟಕಿಗೆ ಗಾಜು ಕೂತಿತು. ನಾನು ಸುಖವಾಗಿದ್ದೆ.

ಸುಖ ಎಂಟು ತಿಂಗಳು. ಆಮೇಲೆ ಹಿಂದಿನ ಓಣಿಯಲ್ಲಿ ಒಂದು ಬೈಕ್ ಗ್ಯಾರೇಜು ಶುರುವಾಯಿತು. ಅವರು ಬೇರೇನು ರಿಪೇರಿ ಮಾಡುತ್ತಿದ್ದರೋ ಕಾಣೆ, ದಿನವಿಡೀ ಸೈಲೆನ್ಸರು ಬಿಚ್ಚಿದ ಗಾಡಿಯ ಆಕ್ಸಿಲರೇಟರು ತಿರುವುವುದೇ ಕೆಲಸ. ಆ ಸದ್ದು ಅಡುಗೆಮನೆಯ ಕಿಟಕಿಯಿಂದ ನುಗ್ಗಿ ನಡುಮನೆ ದಾಟಿ ನನ್ನ ಮೇಜಿಗೆ ಬರುತ್ತಿತ್ತು. ಮುಂದಿನ ಕಿಟಕಿಗಳು ಮೌನವಾಗಿದ್ದಷ್ಟೂ ಇದು ಜೋರಾಗಿ ಕೇಳುತ್ತಿತ್ತು. ನಾನು ಭದ್ರಾವತಿಗೆ ಫೋನು ಮಾಡಿದೆ.

ಅವರು ಬಂದರು, ನೋಡಿದರು, ತಲೆ ಆಡಿಸಿದರು. “ಇದು ಕೂಗು ಕಿಟಕಿ ಸಾಮಿ. ಬೇಡ.” ಎರಡನೆಯ ಸಲ ಕರೆಸಿದೆ. ಆಗಲೂ ಬೇಡವೆಂದರು. ನಾನು ಕಾರಣ ಕೇಳಿದೆ. ಅವರು ತಮ್ಮ ಎಡಗಿವಿ ಮುಟ್ಟಿ ತೋರಿಸಿದರು. “ಈ ಕಡೆಯಿಂದ ಅಮ್ಮ ಕೂಗಿದ್ರೆ ನನಗೆ ಕೇಳ್ತಿರ್ಲಿಲ್ಲ. ಬೇಕು ಅಂತ್ಲೇ ಸುಮ್ನಿದ್ದೀನಿ ಅಂತ ಅಂದ್ಕೊಳ್ಳೋಳು. ಕೂಗಿ ಕೂಗಿ ಸಾಕಾದವರ ಮುಖ ಆಮೇಲೆ ನಾವು ನೋಡ್ಬೇಕಾಗುತ್ತೆ. ಅದು ನಿಮಗೆ ಬೇಡ.”

ಮೂರನೆಯ ಸಲ ನಾನು ಸಿಟ್ಟಿಗೆದ್ದೆ. ನನ್ನ ಸಿಟ್ಟು ನೋಂದಣಿ ಕಚೇರಿಯ ಸುತ್ತ ಎಲ್ಲರಿಗೂ ಗೊತ್ತಿರುವಂಥದ್ದು. “ಮನೆ ನಂದು ರೀ. ಅರ್ಧ ಕೆಲಸ ಮಾಡಿ ಹೋಗೋರು ನೀವೆಂಥ ಕಸುಬುದಾರರು? ಆಗಲ್ಲ ಅಂದ್ರೆ ಹೇಳಿ, ಬೇರೆಯವ್ರನ್ನ ಕರೆಸ್ತೀನಿ, ಅವರು ನಿಮ್ಮ ಚೌಕಟ್ಟನ್ನೆಲ್ಲ ಕಿತ್ತು ಹೊಸದಾಗಿ ಮಾಡ್ಲಿ” ಅಂದೆ. ಅವರ ಮುಖ ಕಪ್ಪಿಟ್ಟಿತು. ಬೈಗುಳಕ್ಕಲ್ಲ, ಆ ಚೌಕಟ್ಟುಗಳನ್ನು ಕೀಳಿಸುತ್ತೇನೆ ಅಂದದ್ದಕ್ಕೆ. ಅಕ್ಕನ ಕಡೆ ತಿರುಗಿದರು. “ಅಮ್ಮಾ, ನೀವೇನಂತೀರಿ?”

ಅಕ್ಕ ನನ್ನ ಮುಖ ನೋಡಿದಳು. ನಾನು ಆರು ವರ್ಷದವನಿದ್ದಾಗ ಹಟ ಹಿಡಿದರೆ ಹೇಗೆ ನೋಡುತ್ತಿದ್ದಳೋ ಹಾಗೆಯೇ. “ಹಾಕ್ಬಿಡಿ ಗಾಜಪ್ಪ. ಅವನಿಗೆ ತಲೆನೋವು ಬರುತ್ತೆ” ಅಂದಳು. ನಾನು ಬರೆದ ಪ್ರತಿಯೊಂದು ಪತ್ರದ ಕೊನೆಯಲ್ಲೂ ‘ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ’ ಎಂಬ ಒಕ್ಕಣೆ ಇದೆ. ಆ ಇಬ್ಬರೂ ಅವತ್ತು ಹಾಗೆ ಒಪ್ಪಿದವರಲ್ಲ.

ಒಪ್ಪಿದ ಮೇಲೆ ಅವರು ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಕಿಟಕಿಗೆ ಗಾಜು ಬಿಗಿದರು. ಹಿತ್ತಲ ಬಾಗಿಲಿಗೂ ರಬ್ಬರು ಪಟ್ಟಿ, ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗು, ಅದೂ ನನ್ನ ಆಜ್ಞೆ. ಆದರೆ ಒಂದು ಷರತ್ತು ಹಾಕಿದರು. ಒಗೆಯುವ ಕಲ್ಲಿನ ಹತ್ತಿರ ಒಂದು ಕರೆಗಂಟೆಯ ಗುಂಡಿ ಹಾಕಿಸಬೇಕು, ಗಂಟೆ ನನ್ನ ಕೋಣೆಯಲ್ಲಿರಬೇಕು. ಹಿತ್ತಲ ಗೋಡೆಯ ಬಳಿ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದಿಂದ ಗುರುತು ಹಾಕಿ ತೋರಿಸಿದರು. “ಇಲ್ಲಿ ಸಾಮಿ. ಎದೆಮಟ್ಟಕ್ಕಲ್ಲ. ಮೊಣಕಾಲಿಗಿಂತ ಕೆಳಗೆ. ಬಿದ್ದವರ ಕೈಗೆ ಸಿಗ್ಬೇಕು.” ಅಡುಗೆಮನೆಯ ಗೋಡೆಯಲ್ಲಿ ವೈರು ಹಾಯಿಸಲು ತಾವೇ ಒಂದು ತೂತು ಕೊರೆದು, ಎಲೆಕ್ಟ್ರಿಷಿಯನ್ ಬರುವವರೆಗೆ ಸದ್ದು ನುಗ್ಗದಿರಲೆಂದು ಅದಕ್ಕೆ ಬಟ್ಟೆಯ ಚೂರು ತುರುಕಿ ಮೇಣ ಮೆತ್ತಿದರು. “ನಾಳೆನೇ ಕರೆಸ್ತೀನಿ” ಅಂತ ನಾನು ಹೇಳಿದೆ. ಅವರು ಬಾಗಿಲ ತನಕ ಹೋದವರು ತಿರುಗಿ ಬಂದು ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಕರೆಸಲಿಲ್ಲ. ಮರೆತೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಗಂಟೆ ಇಟ್ಟರೆ ಅಕ್ಕ ಬಟ್ಟೆ ಹಿಂಡಲಿಕ್ಕೂ ಒತ್ತುತ್ತಾಳೆ, ಸೀಬೆಕಾಯಿ ಕೀಳಲಿಕ್ಕೂ ಒತ್ತುತ್ತಾಳೆ, ಇಷ್ಟೆಲ್ಲ ಮಾಡಿ ಗಳಿಸಿದ ಮೌನ ಹೋಗುತ್ತದೆ ಅನ್ನುವುದು ಮನಸ್ಸಿನ ಮೂಲೆಯಲ್ಲಿತ್ತು.

ಏಳು ವಾರ ಮನೆ ನಿಜಕ್ಕೂ ತಣ್ಣಗಿತ್ತು. ಗೋಡೆ ಗಡಿಯಾರದ ಟಿಕ್ ಟಿಕ್ ನನಗೆ ಮೊದಲ ಸಲ ಕೇಳಿಸಿತು. ಅಕ್ಕ ಮಾತ್ರ ಒಮ್ಮೆ, “ಮನೇಲಿ ಯಾರೋ ಸತ್ತಂಗಿದೆ ಮಾರಾಯ” ಅಂದಿದ್ದಳು. ಸೊಪ್ಪಿನವಳು ಕೂಗಿ ಕೂಗಿ ಬರುವುದನ್ನೇ ಬಿಟ್ಟಿದ್ದಳು.

ಅವತ್ತು ಮಂಗಳವಾರ. ಹತ್ತು ಗಂಟೆಗೆ ಅಕ್ಕ ನನಗೆ ಕಾಫಿ ಕೊಟ್ಟು, ಬಕೀಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ನಾಲ್ಕು ಜನ ಅಣ್ಣತಮ್ಮಂದಿರ ಒಂದು ವಿಭಾಗಪತ್ರ ಬರೆಯುತ್ತಿದ್ದೆ. ತೊಡಕಿನ ಪತ್ರ, ಮೈಮರೆತು ಬರೆದೆ. ಹನ್ನೆರಡರ ಸುಮಾರಿಗೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಒಂದೂವರೆಗೆ ಹಸಿವಾಯಿತು. ಊಟಕ್ಕೆ ಕರೆಯಲಿಲ್ಲವಲ್ಲ ಅಂತ ಸಣ್ಣಗೆ ಸಿಡುಕುತ್ತಲೇ ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ. ಅವಳ ಮೊಬೈಲು ಫ್ರಿಜ್ಜಿನ ಮೇಲಿತ್ತು. ಹಿತ್ತಲ ಬಾಗಿಲು ತಳ್ಳಿದೆ.

ಒಗೆಯುವ ಕಲ್ಲಿನ ಪಕ್ಕ ಬಿಸಿಲಲ್ಲಿ ಬಿದ್ದಿದ್ದಳು. ಸೋಪಿನ ನೀರಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದಿತ್ತು. ತೆವಳಲು ನೋಡಿ ಒಂದು ಮಾರು ಬಂದು ಅಲ್ಲೇ ಉಳಿದುಬಿಟ್ಟಿದ್ದಳು. ಒಂದು ಕಡೆಯ ನೆರೆಯವರು ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇನ್ನೊಂದು ಕಡೆ ಗ್ಯಾರೇಜಿನ ಗಾಡಿಗಳು ಗುಡುಗುತ್ತಿದ್ದವು. ಅವಳ ಗಂಟಲಿಂದ ಸ್ವರವೇ ಹೊರಡುತ್ತಿರಲಿಲ್ಲ. ನಾನು ಅವಳ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

“ಎಷ್ಟು ಕೂಗ್ದೆ ಮಾರಾಯ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನೀರು ಕುಡಿಯೋಕೆ ಬಂದ್ಯಲ್ಲ. ಕಂಡೆ. ಆಗ್ಲೂ ಕೂಗ್ದೆ.”

ಅಡುಗೆ ಕಟ್ಟೆಯ ಮುಂದೆ ನಿಂತವರಿಗೆ ಆ ಕಿಟಕಿಯಿಂದ ಸೀಬೆಮರದ ತುದಿ ಕಾಣುತ್ತದೆಯೇ ಹೊರತು ನೆಲ ಕಾಣುವುದಿಲ್ಲ. ನೆಲದಲ್ಲಿ ಬಿದ್ದವರಿಗೆ ಮಾತ್ರ ಒಳಗಿರುವವರ ತಲೆ, ಎತ್ತಿದ ಲೋಟ, ಎಲ್ಲ ಕಾಣುತ್ತದೆ. ಆಮೇಲೆ ನಾನು ಅಲ್ಲಿ ಮಲಗಿ ನೋಡಿದ್ದೇನೆ.

ಗಾಜಿನಂಗಡಿಯವರಿಂದ ಸುದ್ದಿ ತಿಳಿದು ಮಾರನೆಯ ದಿನ ಬೆಳಿಗ್ಗೆ ಭದ್ರಾವತಿಯಿಂದ ಅವರು ಬಂದರು. ಅಕ್ಕ ಆಸ್ಪತ್ರೆಯಲ್ಲಿದ್ದಳು. ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗ ಬಟ್ಟೆಬರೆ ಒಯ್ಯಲೆಂದು ನನ್ನ ಜೊತೆ ಮನೆಗೆ ಬಂದಿದ್ದ. ಅವರು ಚಪ್ಪಲಿ ಬಿಟ್ಟು ನೇರವಾಗಿ ಅಡುಗೆಮನೆಗೆ ಹೋದರು. ಕಿಟಕಿಯ ಪಕ್ಕದ ತೂತನ್ನು ನೋಡಿದರು. ಬಟ್ಟೆ, ಮೇಣ, ಅವರು ಮೆತ್ತಿದ ಹಾಗೆಯೇ ಇತ್ತು. ಅದರ ಮೇಲೆ ಬೆರಳಿಟ್ಟರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ‘ಈಗಲಾದರೂ ಹೇಳ್ತೀರಾ?’ ಅನ್ನುವ ಹಾಗಿತ್ತು, ಅಷ್ಟೆ.

ಅಕ್ಕನ ಮಗ ಹುಚ್ಚನಂತೆ ಕೂಗಾಡಿದ. “ಯಾರ್ರೀ ನೀವು? ಯಾವೋನಾದ್ರೂ ಬುದ್ಧಿ ಇರೋನು ಹಿತ್ತಲ ಕಿಟಕೀನ ಹಿಂಗೆ ಬಿಗೀತಾನೇನ್ರೀ? ನಮ್ಮಮ್ಮ ಮೂರೂವರೆ ಗಂಟೆ ಬಿಸಿಲಲ್ಲಿ ಬಿದ್ದಿದ್ರು, ಗೊತ್ತಾ?” ಓಣಿಯಲ್ಲಿ ನಾಲ್ಕಾರು ಜನ ನಿಂತು ಕೇಳುತ್ತಿದ್ದರು. ಭದ್ರಾವತಿಯವರು ಮತ್ತೊಮ್ಮೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಅವರು ಕೈ ಮುಗಿದರು. “ತಪ್ಪಾಯ್ತಪ್ಪ. ಗಾಜು ಹಾಕಿದ್ದು ನನ್ನ ಕೈ.”

ಚೀಲ ತೆಗೆದು, ಅಷ್ಟು ಜನರ ಎದುರಿಗೆ, ತಾವೇ ಕೂರಿಸಿದ ಚೌಕಟ್ಟನ್ನು ಗಾಜಿನ ಸಮೇತ ಬಿಚ್ಚಿದರು. ಹಾಕಲು ಎರಡು ದಿನ ಹಿಡಿದಿತ್ತು, ಬಿಚ್ಚಲು ಅರ್ಧ ತಾಸು. ಬಿಚ್ಚಿದ ತಕ್ಷಣ ಗ್ಯಾರೇಜಿನ ಸದ್ದು ಒಳಗೆ ನುಗ್ಗಿತು. ಚೌಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅದನ್ನು ಬಸ್ಸಿನಲ್ಲಿ ಹೇಗೆ ಒಯ್ದರೋ ತಿಳಿಯದು.

ಅಕ್ಕ ಮೂರು ತಿಂಗಳು ಮಲಗಿದ್ದಳು. ಆಪರೇಷನ್ ಆಯಿತು, ಎದೆಯಲ್ಲಿ ಕಫ ಕಟ್ಟಿತು, ಹೋದಳು. ನಾನು ನೀರು ಕುಡಿಯಲು ಬಂದದ್ದನ್ನು ಅವಳು ಮಗನಿಗೆ ಕೊನೆಯವರೆಗೂ ಹೇಳಲಿಲ್ಲ. ಒಂದು ಸಲ ಮಾತ್ರ, “ಗಾಜಪ್ಪನ್ನ ಕರ್ಸೋ, ನೋಡ್ಬೇಕು” ಅಂದಳು. ಫೋನು ಕೈಗೆತ್ತಿಕೊಂಡೆ, ಮಾಡಲಿಲ್ಲ. ಅವರು ಬಂದರೆ ಅಕ್ಕ ಏನು ಹೇಳುತ್ತಾಳೋ, ಅವರೇನು ಹೇಳುತ್ತಾರೋ, ಅಕ್ಕನ ಮಗ ಪಕ್ಕದಲ್ಲೇ ಇದ್ದಾನೆ. ಇಷ್ಟೇ ಲೆಕ್ಕ ನನ್ನದು. ಹೇಡಿತನ ಅನ್ನುವುದು ಒಂದೇ ಸಲ ಮಾಡಿ ಮುಗಿಸುವ ಕೆಲಸವಲ್ಲ ಅಂತ ಆಗ ತಿಳಿಯಿತು.

ವೈಕುಂಠ ಸಮಾರಾಧನೆಯ ದಿನ ಅವರು ಬಂದಿದ್ದರು. ಒಳಗೆ ಬರಲಿಲ್ಲ. ಎದುರಿನ ಅಂಗಡಿಯ ಜಗಲಿಯಲ್ಲಿ ಬಲಗಿವಿಯನ್ನು ನಮ್ಮ ಮನೆಯ ಕಡೆ ಮಾಡಿಕೊಂಡು ಒಂದು ಗಂಟೆ ಕೂತಿದ್ದರು. ಊಟಕ್ಕೆ ಏಳಿಸಲು ನಾನು ಹೊರಗೆ ಬರುವಷ್ಟರಲ್ಲಿ ಎದ್ದು ಹೋಗಿದ್ದರು.

ಮಾತು ಊರಲ್ಲಿ ಹರಡಿತು. ಯಾರೂ ಅವರನ್ನು ಕರೆಯದಾದರು. ರವೀಂದ್ರನಗರದಲ್ಲಿ ಒಬ್ಬರು ಹಾಕಿಸಿದ್ದನ್ನೇ ಬಿಚ್ಚಿಸಿದರಂತೆ. ಗಾಜಿನಂಗಡಿಯವರು ನನ್ನನ್ನೇ ಒಮ್ಮೆ ಕೇಳಿದರು, “ಅಷ್ಟು ವರ್ಷದ ಕಸುಬುದಾರರು ಹಂಗ್ಯಾಕೆ ಮಾಡಿದ್ರು ಸಾರ್?” ನಾನು, “ಅವರಿಗೂ ವಯಸ್ಸಾಗಿತ್ತು” ಅಂದೆ. ಹೌದು, ಆ ಮಾತೂ ನನ್ನದೇ.

ಕನ್ನಡಿ ತಂದ ಮಾರನೆಯ ದಿನ ಭದ್ರಾವತಿಯ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ರೈಲು ಹಳಿಯ ಪಕ್ಕದ ಒಂದು ಸಾಲಿನಲ್ಲಿ ಎರಡು ಕೋಣೆಯ ಮನೆ. ಸದ್ದು ತಡೆಯುವುದರಲ್ಲೇ ಬದುಕು ಕಳೆದವರ ಮನೆಯ ಒಂದು ಕಿಟಕಿಗೂ ಗಾಜಿರಲಿಲ್ಲ, ಸೊಳ್ಳೆಯ ಜಾಲರಿ ಮಾತ್ರ. ಒಳಗೆ ಗೋಡೆಗೆ ಒರಗಿಸಿದ್ದ ಚೌಕಟ್ಟನ್ನು ನೋಡಿದ ಕೂಡಲೇ ಗುರುತು ಹಿಡಿದೆ. ಗಾಜಿನ ಮೂಲೆಯಲ್ಲಿ ಚಪ್ಪಲಿ ಡಬ್ಬಿಯ ಪೊಟ್ಟಣ ಇನ್ನೂ ಅಂಟಿಕೊಂಡಿತ್ತು.

ಅವರ ಮಗಳು ಹೊರಗೆ ಬಂದಳು. ಮೂವತ್ತೈದರ ಹೆಣ್ಣುಮಗಳು, ಕೊರಳಲ್ಲಿ ದರ್ಜಿಯ ಟೇಪು. ನಾಲ್ಕೈದು ಜನ ನೆಂಟರು ಚಾಪೆಯ ಮೇಲೆ ಕೂತಿದ್ದರು. ನಾನು ಪರಿಚಯ ಹೇಳುವ ಮೊದಲೇ, “ದುರ್ಗಿಗುಡಿಯವ್ರಾ ಸರ್?” ಅಂತ ಕೇಳಿದಳು. ತಲೆ ಆಡಿಸಿದೆ. ಕುರ್ಚಿ ಕೊಟ್ಟಳು, ಒಂದು ಲೋಟ ನೀರು ಕೊಟ್ಟಳು. ಲೋಟ ಕೈಯಲ್ಲೇ ಉಳಿಯಿತು.

ದಾರಿಯುದ್ದಕ್ಕೂ ಒಕ್ಕಣೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆದು ಹೇಳುವ ಹೊತ್ತಿಗೆ ಸರಿಯಾಗಿ ರೈಲು ಬಂತು. ಮನೆ ಅದುರಿತು, ನನ್ನ ಮಾತು ಅದರಲ್ಲಿ ಮುಳುಗಿತು. ರೈಲು ಹೋದ ಮೇಲೆ ಅವಳು, “ಏನಂದ್ರಿ ಸರ್? ಕೇಳಿಸ್ಲಿಲ್ಲ” ಅಂದಳು. ಏನಿಲ್ಲಮ್ಮ, ಒಳ್ಳೆಯ ಮನುಷ್ಯ ಅಂದೆ ಅಂತ ಹೇಳಿ ಎದ್ದು ಬರಬಹುದಿತ್ತು. ನಿಜ ಹೇಳುತ್ತೇನೆ, ಆ ಯೋಚನೆ ಬಂತು. ಆದರೆ ಚಾಪೆಯ ಮೇಲಿದ್ದವರಿಗೂ ಕೇಳುವ ಹಾಗೆ ಗಂಟಲು ಎತ್ತರಿಸಿ ಹೇಳಿದೆ: “ತಪ್ಪು ನಿಮ್ಮ ಅಪ್ಪಂದಲ್ಲ. ಅವರು ಮೂರು ಸಲ ಬೇಡ ಅಂದ್ರು. ನಾನು ಹಟ ಹಿಡಿದು ಹಾಕಿಸ್ದೆ. ಬೆಲ್ಲು ಹಾಕಿಸಿ ಅಂತ ಹೇಳಿದ್ರು, ನಾನು ಹಾಕಿಸ್ಲಿಲ್ಲ. ಅಕ್ಕನ ಮಗನಿಗೂ ಇದನ್ನೇ ಹೇಳ್ತೀನಿ, ಊರಿಗೂ ಹೇಳ್ತೀನಿ.”

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

“ಗೊತ್ತು ಸರ್. ಬೆಲ್ಲಿನ ತೂತು ಹಂಗೇ ಇತ್ತು ಅಂತ ಅಪ್ಪ ಅವತ್ತೇ ಬಂದು ಹೇಳಿದ್ರು, ನಮಗೆ ಮಾತ್ರ. ನಿಮ್ಮಕ್ಕ ಹೋದ್ಮೇಲೆ ನಾನೇ ಶಿವಮೊಗ್ಗಕ್ಕೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ ಅಂದೆ. ಬೇಡ ಅಂದ್ರು. ಅವರು ಅಕ್ಕನ್ನ ಕಳ್ಕೊಂಡಿದ್ದಾರೆ, ಅವರೇ ಬಂದು ಹೇಳ್ತಾರೆ, ನಾವು ಹೇಳಿದ್ರೆ ಬೆಲೆ ಇರಲ್ಲ ಅಂದ್ರು.” ಅವಳು ಬಾಗಿಲ ಪಕ್ಕದ ಕಟ್ಟೆ ತೋರಿಸಿದಳು. “ಇಲ್ಲೇ ಕೂತಿರೋರು. ಗೇಟು ಸದ್ದಾದ್ರೆ ಬಲಗಿವಿ ಈ ಕಡೆ ತಿರುಗಿಸೋರು.”

ನಾನು ಎದ್ದೆ. ಅವಳು ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡಳು. ತೆಗೆದುಕೊಳ್ಳುತ್ತಾ, ದಾರಿ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು:

“ಶಿವಮೊಗ್ಗದಿಂದ ಇಲ್ಲಿಗೆ ಅರ್ಧ ಗಂಟೆ ಅಲ್ವಾ ಸರ್?”